ಚಿಗುರಿದ ಗೂಟಗಳು

"ಗವಳ್ಯಾರ ಹುಡುಗಿ ಕಾಲೇಜ್ ಕಲಿಯೂದು, ಎಮ್ಮಿ ಮಾಳಗಿ ಹತ್ತೂದು, ಎರಡೂ ಒಂದ" ಎಂದವನು ನನ್ನ ಸೋದರಮಾವ, ಧೋಂಡು ಮಾಮಾ. ಹೊರಗಿನವರು ಯಾರಾದರೂ ಅಂದಿದ್ದರೆ ಮರೆಯಬಹುದಿತ್ತು. ಆದರೆ ಹೊರಗಿನವರು ಅನ್ನಲೂ ಇಲ್ಲ. ನಮ್ಮಲ್ಲಿ ಯಾರಾದರೂ ಓದಿಯಾರು ಎಂಬ ಅನುಮಾನವೇ ಅವರಿಗೆ ಇರಲಿಲ್ಲ. ಮಾಮಾ ಈ ಮಾತು ಆಡಿದ್ದು ಗುಂಜಿ ಸ್ಟೇಷನ್ನಿನಲ್ಲಿ, ಹಾಲಿನ ಕ್ಯಾನುಗಳ ನಡುವೆ ನಿಂತು, ನಾನು ಬೆಳಗಾವಿಯ ಕಾಲೇಜಿಗೆಂದು ಮೊದಲ ಸಲ ರೈಲು ಹತ್ತುವ ಹೊತ್ತಿನಲ್ಲಿ. ಆಡಿದವನೇ ನನ್ನ ಟ್ರಂಕನ್ನು ಹೆಗಲ ಮೇಲೆ ಎತ್ತಿ ಡಬ್ಬಿಯೊಳಗೆ ಇಟ್ಟ. ಅವನ ಬಾಯಿ ಒಂದು ಕಡೆ, ಕೈ ಇನ್ನೊಂದು ಕಡೆ. ಅದು ನಮ್ಮ ಮಂದಿಗೆಲ್ಲ ಗೊತ್ತು.

ಹೋದ ವಾರ ಖಾನಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಊರು ಬಿಡುವಲ್ಲಿ ಒಂದು ಹಳೆಯ ಸಾ ಮಿಲ್ ಇದೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ಕಿಟಕಿಯಿಂದ ಹಸಿ ಮರದ ಹೊಟ್ಟಿನ ವಾಸನೆ ನುಗ್ಗಿತು. ಬಾಜೂ ಕೂತವಳು "ಎಷ್ಟ ಛಲೋ ವಾಸನಿ ಅಲ್ರಿ" ಎಂದಳು. ಹೌದು ಎಂದೆ. ನನ್ನ ಬಾಯೊಳಗೆ ಮಾತ್ರ ಕಹಿ ಏರಿತು. ಎಂ.ಎ. ಕೊನೆಯ ವರ್ಷದ ಮಳೆಗಾಲವನ್ನೆಲ್ಲ ನಾನು ಕಳೆದದ್ದು ಆ ವಾಸನೆ ಮತ್ತು ಎಮ್ಮೆಯ ಸಗಣಿಯ ವಾಸನೆ, ಈ ಎರಡರ ನಡುವೆ ಓಡಾಡುತ್ತ.

ಈಗ ನಾನು ಬೆಳಗಾವಿಯ ನೆಹರು ನಗರದ ಆಸ್ಪತ್ರೆಯೊಂದರಲ್ಲಿ ರೋಗಿಗಳ ಕಡೆಯವರ ಜೊತೆ ಮಾತಾಡುವ ಕೆಲಸದಲ್ಲಿದ್ದೇನೆ. ಹೆಸರು ಕೇಳಿದ ಮೇಲೆ ಎರಡನೆಯ ಪ್ರಶ್ನೆ ಕಾಯಂ ವಿಳಾಸದ್ದು. ಅದನ್ನು ಕೇಳುವಾಗ ಇವತ್ತಿಗೂ ನನ್ನ ದನಿ ಸ್ವಲ್ಪ ತಗ್ಗುತ್ತದೆ.

ನಾವು ಗವಳಿಗರು, ಎಮ್ಮೆ ಸಾಕುವವರು. ಎಷ್ಟೋ ತಲೆಮಾರಿನ ಹಿಂದೆ ಘಟ್ಟದ ಆಚೆಯ ಮರಾಠಿ ನೆಲದಿಂದ ಎಮ್ಮೆಗಳ ಜೊತೆ ನಡೆದು ಖಾನಾಪುರದ ಕಾಡಿಗೆ ಬಂದವರು. ಕಾಡಿನೊಳಗೆ ಏಳೆಂಟು ಗುಡಿಸಲು ಕೂಡಿದರೆ ಅದು ನಮ್ಮ ವಾಡಾ. ಮನೆಯಲ್ಲಿ ಆಡುವುದು ನಮ್ಮದೇ ಒಂದು ಮರಾಠಿ, ಸಾಲಿಯಲ್ಲಿ ಕಲಿತದ್ದು ಕನ್ನಡ. ಮಾಮಾನ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂಲದಲ್ಲಿ ಅವು ಇನ್ನೂ ಚೂಪು.

ಆ ವರ್ಷ ಮೊದಲ ಮಳೆ ಬಿದ್ದ ವಾರದಲ್ಲೇ ಗೈಡ್ ಸರ್ ನನ್ನನ್ನು ಕರೆದು ವಿಷಯ ಕೊಟ್ಟರು. ಡಿಗ್ರಿ ಸಿಗಬೇಕಾದರೆ ಒಂದು ಪ್ರಬಂಧ ಬರೆಯಬೇಕಿತ್ತು.

"ನೋಡವಾ, ಖಾನಾಪುರದಾಗ ಕಟ್ಟಿಗಿ ಮಿಲ್ಲಿನ ಪಟೇಲರು ಅದಾರ. ಕಚ್ಛದಿಂದ ಬಂದಾವ್ರು. ನಿಮ್ಮ ಮಂದೀನೂ ಹೊರಗಿಂದ ಬಂದಾವ್ರ. ಇಬ್ರೂ ಬಂದಿದ್ದು ಅದ ಕಾಡಿಗೆ. ಅವರ ಮ್ಯಾಲ ಬಂದ್ರು, ನೀವ ಅಲ್ಲೇ ಉಳದ್ರಿ. ಯಾಕ? ಅದ ನಿನ್ನ ವಿಷಯ."

ಎರಡು ವಲಸೆ ಸಮುದಾಯಗಳ ಆರ್ಥಿಕ ಮತ್ತು ಸಾಮಾಜಿಕ ಸ್ಥಿತಿಗತಿಗಳ ತುಲನೆ ಎಂದು ಅವರೇ ಶೀರ್ಷಿಕೆಯನ್ನೂ ಬರೆದುಕೊಟ್ಟರು. ವಲಸೆ ಎಂಬ ಪದ ನನ್ನನ್ನು ಚುಚ್ಚಿತು. ನನ್ನ ಅಜ್ಜ, ಅವನ ಅಜ್ಜ, ಎಲ್ಲರೂ ಗುಂಜಿಯ ಕಾಡಿನಲ್ಲೇ ಹುಟ್ಟಿದವರು. ಇನ್ನೆಷ್ಟು ತಲೆಮಾರು ಇಲ್ಲೇ ಹುಟ್ಟಿದರೆ ವಲಸೆ ಮುಗಿಯುತ್ತದೆ ಎಂದು ಕೇಳಬೇಕೆನಿಸಿತು. ಸರ್ ಕೆಟ್ಟವರಲ್ಲ ಎಂದೂ ಇಲ್ಲೇ ಹೇಳಿಬಿಡುತ್ತೇನೆ. ಮೊದಲ ವರ್ಷ ಹಾಸ್ಟೆಲ್ಲಿನಲ್ಲಿ ನನಗೆ ಜಾಗ ಸಿಗದಿದ್ದಾಗ ವಾರ್ಡನ್ ಜೊತೆ ಜಗಳಾಡಿದವರು ಅವರೇ.

ಖಾನಾಪುರದಲ್ಲಿ ನಾನು ಮೊದಲು ಹೋದದ್ದು ಪಟೇಲರ ರತನಬಾ ಅವರ ಮನೆಗೆ; ಬಾ ಎಂದರೆ ಗುಜರಾತಿಯಲ್ಲಿ ಅಮ್ಮ. ಮಿಲ್ಲಿನ ಹಿಂದೆಯೇ ಮನೆ. ಎತ್ತರದ ಕಲ್ಲಿನ ಕಟ್ಟೆ, ಅಂಗಳದಲ್ಲಿ ಹೊಟ್ಟಿನ ಗುಡ್ಡ. ಎಂಬತ್ತು ದಾಟಿದ ಮುದುಕಿ, ಮಾತು ಗುಜರಾತಿ, ಮರಾಠಿ, ಕನ್ನಡ ಮೂರೂ ಕಲಸಿದ್ದು. ಸೊಸೆ ಒಣರೊಟ್ಟಿಯಂಥ ಖಾಖರಾ ಮತ್ತು ಚಹಾ ತಂದಿಟ್ಟಳು. ನಾನು ಗವಳ್ಯಾರ ಹುಡುಗಿ ಎಂದು ಕೇಳಿ ಬಾ ಕನ್ನಡಕ ಸರಿ ಮಾಡಿಕೊಂಡರು.

"ಗವಳ್ಯಾರ ಪೋರಿ ಪ್ರಶ್ನಾ ಕೇಳಾಕ ಬಂದಾಳ! ಕುಂದ್ರು ಬೇಟಾ, ಮ್ಯಾಲ ಕುಂದ್ರು. ನಿಮ್ಮ ಮಂದಿ ತುಪ್ಪ ತರತಿದ್ರು ನಮಗ. ಈಗ ಪಾಕೀಟಿನ ತುಪ್ಪ. ಬರೇ ಹಳದಿ ಬಣ್ಣ."

ಅವರ ಮಾವ ಬಂದ ಕತೆ ಕೇಳಿದೆ.

"ಕೈಯಾಗ ಒಂದು ಗರಗಸಾ ಹಿಡಕೊಂಡು ಬಂದ್ರು ಅಂತ ಎಲ್ಲಾರೂ ಹೇಳತಾರ. ನಾನೂ ಹೇಳತೀನಿ. ಕೇಳಾಕ ಛಲೋ ಇರತೈತಿ. ಖರೆ ಹೇಳಲೇನು? ಗರಗಸದ ಹಿಂದ ಸಮಾಜ ಇತ್ತು. ಹುಬ್ಬಳ್ಳ್ಯಾಗ ನಮ್ಮವ್ರು, ಲೋಂಡಾದಾಗ ನಮ್ಮವ್ರು. ಮಲಗಾಕ ಜಾಗಾ, ಮೊದಲ ಗಿರಾಕಿ, ಮಿಲ್ಲಿಗೆ ಬಂಡವಾಳ, ಎಲ್ಲಾ ಅವರ ಕೊಟ್ರು. ನಿಮ್ಮ ಹಿಂದ ಏನಿತ್ತು?"

"ಎಮ್ಮಿ ಇದ್ದೂ ಬಾ."

"ಅವು ಮುಂದ ನಡೀತಾವ ಬೇಟಾ. ಹಿಂದ?"

ಬಾ ನಕ್ಕು, ನನ್ನ ತಟ್ಟೆಗೆ ಇನ್ನೊಂದು ಖಾಖರಾ ಹಾಕಿದರು. ಕಾಡಿನ ಮರ ಮುಗಿಯುತ್ತ ಬಂದಾಗ ಮಗ ಬೆಳಗಾವಿಯಲ್ಲಿ ಪ್ಲೈವುಡ್ ಅಂಗಡಿ ಇಟ್ಟನಂತೆ, ಮೊಮ್ಮಗಳು ಡಾಕ್ಟರಂತೆ. ಒಂದು ಬಾಗಿಲು ಮುಚ್ಚುವ ಮೊದಲೇ ಅವರಿಗೆ ಇನ್ನೊಂದು ಬಾಗಿಲು ಗೊತ್ತಿತ್ತು. ನಮಗೆ ಹುಲ್ಲು ಮುಗಿದಾಗ ಇನ್ನೊಂದು ಹುಲ್ಲು ಗೊತ್ತಿತ್ತು, ಅಷ್ಟೇ.

ಹೊರಡುವಾಗ ಬಾ ಬಾಗಿಲ ತನಕ ಬಂದರು. "ನೀ ಸಾಮಾಜಿಕ ಅಂತ ಏನೋ ಕೇಳಿದಿ. ಅದನ್ನ ಬರಕೋ. ನಾ ಲಗ್ನಾಗಿ ಬಂದಿದ್ದು ಈ ಊರಿಗೆ, ಸಾಯೂದೂ ಇಲ್ಲೇ. ಆದ್ರ ನನ್ನ ಹೆಸರ ಯಾರಿಗೂ ಗೊತ್ತಿಲ್ಲ. ಮಿಲ್ಲಿನ ಮುದುಕಿ ಅಂತಾರ. ನಾಳೆ ಪೇಪರಿನ್ಯಾಗ ಫೋಟೋ ಬಂದಾಗ, ಓ ಈಕಿ ಹೆಸರು ರತನಬಾ ಅಂತೇನು, ಅಂತಾರ."

ಆ ಮಾತಿಗೆ ಮರುಕ ಹುಟ್ಟಬೇಕಿತ್ತು. ನನಗೆ ಹುಟ್ಟಿದ್ದು ಹೊಟ್ಟೆಕಿಚ್ಚು. ಈಕೆಯ ಹೆಸರು ಸತ್ತಾಗಲಾದರೂ ಪೇಪರಿನಲ್ಲಿ ಬರುತ್ತದೆ ಎಂದುಕೊಂಡು, ಹೊಟ್ಟಿನ ಗುಡ್ಡ ದಾಟಿ ಸ್ಟೇಷನ್ನಿಗೆ ನಡೆದೆ.

ಅತ್ತ ನಮ್ಮ ವಾಡಾದಲ್ಲಿ ಬೇರೆಯೇ ಒಂದು ವಿಚಾರಣೆ ನಡೆದಿತ್ತು. ಗುಡಿಸಲು ಇರುವ ಜಾಗವನ್ನು ನಮ್ಮ ಹೆಸರಿಗೆ ಮಾಡಿಕೊಡಿ ಎಂದು ವಾಡಾದವರೆಲ್ಲ ಅರ್ಜಿ ಹಾಕಿದ್ದರು. ನಮ್ಮಂಥವರಿಗೆ ಕಾನೂನು ಕೇಳುವುದು, ಮೂರು ತಲೆಮಾರಿನಿಂದ ಈ ಕಾಡಿನಲ್ಲಿ ಇದ್ದೀರಿ ಎಂಬುದಕ್ಕೆ ಪುರಾವೆ. ನಾವು ಅಲ್ಲೇ ಎಡವಿದ್ದು.

ನಮ್ಮಲ್ಲಿ ಒಂದು ರೂಢಿ ಇದೆ. ವಾಡಾದಲ್ಲಿ ಹರೆಯದ ಜೀವ ಹೋದರೆ, ಇಲ್ಲವೆ ಒಂದೇ ಮಳೆಗಾಲದಲ್ಲಿ ಒಂದರ ಹಿಂದೆ ಒಂದು ಎಮ್ಮೆ ಬಿದ್ದರೆ, "ಜಾಗಾ ಬ್ಯಾಸತ್ತೇತಿ" ಎನ್ನುತ್ತಾರೆ ಹಿರಿಯರು. ಜಾಗಕ್ಕೆ ನಮ್ಮ ಮೇಲೆ ಬೇಸರ ಬಂದಿದೆ, ಕೆಲವು ವರ್ಷ ಅದರ ಪಾಡಿಗೆ ಬಿಡಬೇಕು ಎಂದರ್ಥ. ಗುಡಿಸಲು ಬಿಚ್ಚುತ್ತೇವೆ, ಹಳ್ಳ ದಾಟುತ್ತೇವೆ, ಆಚೆ ದಂಡೆಯಲ್ಲಿ ಮತ್ತೆ ಕಟ್ಟುತ್ತೇವೆ. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಅಪ್ಪನಿಗೆ ಸಿಡಿಲು ಬಡಿಯಿತು. ದಿನ ಕಾರ್ಯ ಮುಗಿದ ಮೇಲೆ ವಾಡಾ ಎದ್ದಿತು. ಈಗಿನ ಜಾಗಕ್ಕೆ ಬಂದದ್ದು ಆಗಲೇ. ಸರಕಾರದ ಲೆಕ್ಕದಲ್ಲಿ ನಾವು ಈ ಭೂಮಿಗೆ ಬಂದದ್ದೂ ಆಗಲೇ.

ಅರಣ್ಯ ಇಲಾಖೆಯ ಗಾರ್ಡ್ ಸಾಹೇಬರು ಜಾಗ ನೋಡಲು ಬಂದ ದಿನ ನಾನೂ ಇದ್ದೆ. ಛತ್ರಿ ಹಿಡಿದು ಅಂಗಳದಲ್ಲೇ ನಿಂತು, "ಹದಿನೈದು ವರ್ಷದ ಹಿಂದ ಇಲ್ಲಿ ಒಂದು ಗುಡಸಲಾನೂ ಇರಲಿಲ್ಲ. ಮೂರು ತಲಮಾರು ಎಲ್ಲಿಂದ ತರತೀರಿ?" ಎಂದರು.

ಮಾಮಾ ಎಮ್ಮೆಯ ಮೈ ತಿಕ್ಕುತ್ತಿದ್ದವನು ತಲೆ ಎತ್ತಲಿಲ್ಲ. "ಸಾಹೇಬ್ರ, ನಿಮ್ಮದು ಯಾವೂರು?"

"ಧಾರವಾಡ ಕಡೆ."

"ಮತ್ತ ಇಲ್ಲಿ?"

"ಬದಲಿ ಆಗೇತಿ."

"ನಮ್ಮದೂ ಬದಲೀನ ರೀ." ಮಾಮಾ ಹುಲ್ಲಿನ ಸಿವುಡಿಯನ್ನು ಆಕಾಶದ ಕಡೆ ತೋರಿಸಿದ. "ಆರ್ಡರ್ ಅಷ್ಟ ಅಲ್ಲಿಂದ ಬಂದಿತ್ತು."

ಗಾರ್ಡ್ ನಕ್ಕರು. ನನ್ನ ಅವ್ವ, ನಮ್ಮ ಮಾತಿನಲ್ಲಿ ಆಯಿ, ಕೊಟ್ಟ ಮಜ್ಜಿಗೆಯನ್ನೂ ಕುಡಿದರು. ಆದರೆ ಬರೆದುಕೊಳ್ಳಬೇಕಾದದ್ದನ್ನು ಬರೆದುಕೊಂಡೇ ಹೋದರು.

ಆ ಸಂಜೆ ಮಳೆ ಹೊಳವಾದಾಗ ಮಾಮಾ ಕಂಬಳಿ ಕೊಪ್ಪೆ ಹಾಕಿಕೊಂಡು ನನ್ನನ್ನು ಕರೆದ. "ಪಟೇಲರ ಮಿಲ್ ನೋಡಿ ಬಂದಿ. ನಮ್ಮ ಮಿಲ್ ನೋಡ ಬಾ ಭಾಗೀ."

ಹಳ್ಳ ದಾಟಿ, ಅಪ್ಪ ಇದ್ದಾಗಿನ ಹಳೆಯ ಜಾಗಕ್ಕೆ ಹೋದೆವು. ಗುಡಿಸಲಿನ ಗುರುತೂ ಇರಲಿಲ್ಲ, ಎಲ್ಲ ಕಡೆ ಗಿಡಗಂಟಿ. ನಡುವೆ ಮಾತ್ರ ಪಾಂಗಾರಾ ಮರಗಳು, ಒಂದರ ಪಕ್ಕ ಒಂದು, ಅಳೆದು ನಿಲ್ಲಿಸಿದಂತೆ ನೆಟ್ಟಗೆ ಸಾಲಾಗಿ. ಪಾಂಗಾರಾ ಎಂದರೆ ಬೇಸಗೆಯಲ್ಲಿ ಕೆಂಪು ಹೂ ಬಿಡುವ ಮುಳ್ಳಿನ ಮರ. ನಮ್ಮವರು ಎಮ್ಮೆ ಕಟ್ಟುವ ಗೂಟಕ್ಕೆ ಅದರ ಹಸಿ ಕೊಂಬೆಯನ್ನೇ ಕಡಿದು ಬಡಿಯುತ್ತಾರೆ, ಸುಲಭಕ್ಕೆ ಕೈಗೆ ಸಿಗುತ್ತದೆ ಎಂದು. ಆದರೆ ಅದು ಹಟಮಾರಿ ಜಾತಿ. ಹಗ್ಗದ ಉಜ್ಜಾಟ ಇರುವ ತನಕ ಗೂಟವಾಗಿಯೇ ಇರುತ್ತದೆ. ಎಮ್ಮೆ ಬಿಚ್ಚಿಕೊಂಡು ನಾವು ಹೋದ ಮೇಲೆ, ಮೊದಲ ಮಳೆಗೆ ಬೇರು ಬಿಟ್ಟು ಚಿಗುರುತ್ತದೆ.

"ಇದು ನಿಮ್ಮಪ್ಪನ ಸಾಲು" ಎಂದ ಮಾಮಾ. ಇನ್ನೂ ಒಳಗೆ ಕರೆದೊಯ್ದ. "ಇದು ನಿಮ್ಮಜ್ಜಂದು." ಗುಡ್ಡದ ಮಗ್ಗುಲಲ್ಲಿ ಇನ್ನೊಂದು, ಅಜ್ಜನ ಅಪ್ಪನದು. ಅಲ್ಲಿ ಮರಗಳು ತೋಳಿಗೆ ತಬ್ಬಲು ಸಿಗದಷ್ಟು ದಪ್ಪವಾಗಿದ್ದವು. ಬುಡದಲ್ಲಿ ಒಲೆಯ ಮೂರು ಕಲ್ಲು ಪಾಚಿ ಹಿಡಿದು ಕೂತಿದ್ದವು. ಕಾಡು ಎಂದೂ ಸಾಲು ಹಿಡಿದು ಬೆಳೆಯುವುದಿಲ್ಲ. ಸಾಲಿನಲ್ಲಿ ಮರ ಇದೆ ಎಂದರೆ ಅಲ್ಲಿ ಯಾರೋ ಬಾಳಿದ್ದಾರೆ. ನನಗೆ ಕಣ್ಣು ತುಂಬಿತು. ಮಾಮಾ ಅದನ್ನು ನೋಡಿ, "ಅಳೂದ ಬಿಟ್ಟು ಫೋಟೋ ತಗೀ ಪೋರಿ, ಕಾಲಿಗೆ ಜಿಗಣಿ ಹತ್ತಾಕತ್ತಾವ" ಎಂದ.

ಫೋಟೋ ತೆಗೆದೆ. ಸಾಲುಗಳ ನಕಾಶೆ ಬರೆದೆ. ಪ್ರಬಂಧದಲ್ಲಿ ಅದಕ್ಕೆಂದೇ ಒಂದು ಅಧ್ಯಾಯ ಇಟ್ಟೆ. ಅದರದೇ ಒಂದು ಪ್ರತಿಯನ್ನು ನಮ್ಮ ಅರ್ಜಿಯ ಜೊತೆಗೂ ಲಗತ್ತಿಸಿದೆ. ಇಷ್ಟು ಓದಿದ್ದು ಇದಕ್ಕೇ ಇರಬೇಕು ಎನಿಸಿದ ಒಂದೇ ಒಂದು ವಾರ ಅದು.

ಗೈಡ್ ಸರ್ ಆ ಅಧ್ಯಾಯ ಓದುವಾಗ ಅವರ ಕೋಣೆಯಲ್ಲಿ ಇನ್ನೂ ಇಬ್ಬರು ಪ್ರಾಧ್ಯಾಪಕರು ಚಹಾ ಕುಡಿಯುತ್ತಿದ್ದರು.

"ಬಾಕಿ ಎಲ್ಲಾ ಛಲೋ ಬರದೀ. ಆದ್ರ ಈ ಗಿಡದ ಪುರಾಣ ಯಾಕವಾ?"

"ಅದ ಪುರಾವೆ ರೀ ಸರ್."

"ಗಿಡಕ್ಕ ಸಹಿ ಮಾಡಾಕ ಬರತೈತೇನು?"

ಚಹಾ ಕುಡಿಯುತ್ತಿದ್ದವರು ನಕ್ಕರು. ಒಬ್ಬರಿಗೆ ಕೆಮ್ಮೇ ಬಂತು. ಸರ್ ಹಾಳೆ ತಿರುವಿ ಕೊನೆಗೆ ಬಂದರು. "ಇಲ್ಲಿ ತೀರ್ಮಾನ ಇಲ್ಲ. ಬರಕೋ: ಪಟೇಲರಲ್ಲಿ ಸಂಘಟನೆ, ಮಿತವ್ಯಯ, ದೂರದೃಷ್ಟಿ. ಗವಳಿಗರು ಹಿಂದುಳಿಯಲು ಒಂದೆಡೆ ನೆಲೆ ನಿಲ್ಲದ ಅವರ ಅಲೆಮಾರಿ ಮನೋಭಾವವೇ ಕಾರಣ. ಮುಗೀತು."

ನನ್ನ ಪೆನ್ನು ಏಳಲಿಲ್ಲ. "ಪಟೇಲರೂ ಕಚ್ಛದಿಂದ ಇಲ್ಲೀತನಕಾ ಅಲಕೊಂತನ ಬಂದಾರಲ್ರಿ ಸರ್. ನಾವು ಹಳ್ಳ ಅಷ್ಟ ದಾಟೇವಿ."

"ಅದು ಸಾಹಸ."

"ನಮ್ಮದು ರೀ?"

"ನಿಮ್ಮದು ರೂಢಿ."

ಯಾರೂ ನಗಲಿಲ್ಲ. ಸರ್ ಸ್ವಲ್ಪ ಮೆತ್ತಗಾದರು. "ತಪ್ಪ ತಿಳೀಬ್ಯಾಡ. ನಾನೂ ಹೊಲದಾಗ ಕಳೆ ತಗದು ಓದಿದಾಂವ. ನನ್ನ ಹಿಂದ ಯಾವ ಸಮಾಜ ಇತ್ತು? ದುಡದೆ, ಮ್ಯಾಲ ಬಂದೆ."

"ನಿಮಗ ಹೊಲ ಇತ್ತಲ್ರಿ ಸರ್."

ಬಾಯಿಂದ ಹೋಗಿಬಿಟ್ಟಿತು. ಅವರ ಮುಖ ಕೆಂಪಾಯಿತು. "ಈ ಅಧ್ಯಾಯ ತಗಿ, ನಾ ಹೇಳಿದ್ದ ಬರಿ. ಇಲ್ಲಂದ್ರ ನನ್ನ ಸಹಿ ಇಲ್ಲ. ಸಹಿ ಇಲ್ಲಂದ್ರ ಡಿಗ್ರಿ ಇಲ್ಲ. ವಿಚಾರ ಮಾಡು."

ವಿಚಾರ ಮಾಡಿದೆ. ಒಂದು ವಾಕ್ಯದ ಮಾತು. ಅದನ್ನು ಬರೆದರೆ ವಾಡಾದ ಮೊದಲ ಪದವೀಧರೆಯ ಕೈಗೆ ಇನ್ನೊಂದು ಪದವಿ. ಬರೆಯದಿದ್ದರೆ ಮತ್ತೆ ಸಗಣಿ ಬುಟ್ಟಿ. ಹಾಸ್ಟೆಲ್ಲಿನ ಗೆಳತಿಯರೆಲ್ಲ "ಬರದು ಒಗಿ, ಯಾರು ಓದತಾರ ಅದನ್ನ" ಎಂದರು. ಅದೂ ಸುಳ್ಳಲ್ಲ. ಆದರೆ ಯಾರೂ ಓದದ ಕಾಗದದಲ್ಲೂ ನನ್ನ ಅಪ್ಪನನ್ನು ಅಲೆಮಾರಿ ಎಂದು ಬರೆಯಬೇಕಾಗಿದ್ದವಳು ನಾನು.

ಬೆಳಿಗ್ಗೆ ಬೆಳಗಾವಿಯ ಕ್ಯಾಂಪ್ ಬಡಾವಣೆಗೆ ಹೋದೆ. ಅಲ್ಲಿ ಒಂದು ಬೇಕರಿಯ ಹಿಂಬಾಗಿಲಿಗೆ ಮಾಮಾ ದಿನಾ ಹಾಲು ಹಾಕುತ್ತಿದ್ದ. ಮಳೆಯಲ್ಲಿ ಕ್ಯಾನು ತೊಳೆಯುತ್ತಿದ್ದವನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನು ಬೀಡಿ ಹಚ್ಚಿದ.

"ಬರದು ಕೊಡ. ಹಾಲಿಗೆ ಒಂದು ತಂಬಗಿ ನೀರ ಹಾಕಿದ್ರ ಹಾಲೇನು ಅಳತೈತೇನು?"

"ನೀ ಹಾಕತೀ ಏನು ಮಾಮಾ?"

"ನಾ ಹಾಕೂದಿಲ್ಲ." ಹೊಗೆ ಬಿಟ್ಟು ಕ್ಯಾನಿನ ಕಡೆ ನೋಡಿದ. "ಅದಕ್ಕ ನೋಡು, ಈ ವಯಸ್ಸಿನಾಗೂ ಕ್ಯಾನ್ ಹೊರಾಕತ್ತೇನಿ."

ಅದು ಬರೆ ಎಂದೋ ಬೇಡ ಎಂದೋ ಇವತ್ತಿಗೂ ತಿಳಿದಿಲ್ಲ. ನಾನು ತಿಳಿದುಕೊಂಡದ್ದು ಬೇಡ ಎಂದು. ವಾಪಸ್ ಹೋಗಿ ನನ್ನದೇ ತೀರ್ಮಾನ ಬರೆದೆ: ಒಬ್ಬರಿಗೆ ಕಾಡಿನ ಮರ ಕೊಯ್ಯಲು ಲೈಸೆನ್ಸು ಸಿಕ್ಕಿತು, ಇನ್ನೊಬ್ಬರಿಗೆ ಅದೇ ಕಾಡಿನಲ್ಲಿ ಹುಲ್ಲು ಮೇಯಿಸಿದ್ದಕ್ಕೆ ದಂಡ ಬಿತ್ತು. ಒಬ್ಬರ ಹಿಂದೆ ಸಮಾಜ ಇತ್ತು, ಇನ್ನೊಬ್ಬರ ಹಿಂದೆ ಗಾರ್ಡ್ ಇದ್ದ. ಇದನ್ನು ದಾಟಿ ಆಮೇಲೆ ಮನೋಭಾವದ ಮಾತು. ಪಾಂಗಾರದ ಅಧ್ಯಾಯ ತೆಗೆಯಲಿಲ್ಲ.

ಸರ್ ಅದನ್ನು ಮೇಜಿನ ಮೇಲೆ ಇಟ್ಟುಕೊಂಡೇ ಕೂತರು. ಮಳೆ ಹೋಯಿತು, ಚಳಿ ಬಂತು. ಕಾರಿಡಾರಿನಲ್ಲಿ ಎದುರಾದರೆ ಮೊಬೈಲ್ ನೋಡುತ್ತ ಹೋಗುತ್ತಿದ್ದರು. ಕೊನೆಯ ದಿನ ಸಂಜೆ ಜವಾನನ ಕೈಯಲ್ಲಿ ಕಳಿಸಿದರು. ಸಹಿ ಇತ್ತು. ಯಾಕೆ ಮಾಡಿದರೋ ಗೊತ್ತಿಲ್ಲ, ಹೊಲದ ಮಾತು ಎಲ್ಲೋ ನಾಟಿರಬೇಕು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಒಂದೇ ಪ್ರಶ್ನೆ ಕೇಳಿದರು: "ಈ ಎರಡರಾಗ ನೀವು ಯಾವ ಸಮುದಾಯದವರು?" ಹೇಳಿದೆ. "ಹಂಗಾದ್ರ ಇದು ಸಂಶೋಧನೆ ಅಲ್ಲ, ತಕರಾರು" ಎಂದು ನಕ್ಕು, ಪಾಸಾಗಲು ಬೇಕಾದಷ್ಟು ಮಾತ್ರ ಅಂಕ ಕೊಟ್ಟರು. ಮೊದಲ ದರ್ಜೆ ತಪ್ಪಿತು. ಮುಂದೆ ಪಿಎಚ್.ಡಿ. ಮಾಡುವ ಆಸೆಯೂ ಅಲ್ಲಿಗೇ ನಿಂತಿತು. ಪಟೇಲರು ಬರೆದುಕೊಂಡರೆ ಅದು ಇತಿಹಾಸ, ನಾವು ಬರೆದರೆ ತಕರಾರು. ತುಲನೆಯಲ್ಲಿ ಈ ವ್ಯತ್ಯಾಸವನ್ನೂ ಸೇರಿಸಬೇಕಿತ್ತು, ಆಗ ಹೊಳೆದಿರಲಿಲ್ಲ.

ಬೇಸಗೆಯಲ್ಲಿ ವಾಡಾದ ಅರ್ಜಿ ವಾಪಸ್ ಬಂತು, ಪುರಾವೆ ಸಾಲದು ಎಂದು. ಪಾಂಗಾರಾ ಹೂ ಬಿಡುವ ಕಾಲ. ಅದೇ ತಿಂಗಳು ಹಳ್ಳದಾಚೆ ಹೊಸ ನೆಡುತೋಪು ಮಾಡಬೇಕೆಂದು ಅರಣ್ಯ ಇಲಾಖೆಯ ಆಳುಗಳು ಬಂದರು. ಅಪ್ಪನ ಸಾಲನ್ನೂ, ಅಜ್ಜನ ಸಾಲನ್ನೂ ಕಡಿದರು. ಆಯಿ ಹೋಗಿ ಅಡ್ಡ ನಿಂತಳಂತೆ. "ಮುಳ್ಳಿನ ಗಿಡಕ್ಕ ಯಾಕ ಇಷ್ಟ ಮಾಡತೀ ಮುದುಕಿ, ನಾಟಾಕ್ಕೂ ಬರೂದಿಲ್ಲ, ಏನಕ್ಕೂ ಬರೂದಿಲ್ಲ" ಎಂದು ಅವಳನ್ನು ಬದಿಗೆ ಸರಿಸಿದರಂತೆ. ಮಳೆ ಬಿದ್ದ ಮೇಲೆ ಆ ಜಾಗದಲ್ಲಿ ಅಕೇಶಿಯಾ ಸಸಿ ನೆಟ್ಟರು, ಹಗ್ಗ ಹಿಡಿದು, ಸಾಲಾಗಿ. ಸಾಲಿನಲ್ಲಿರುವ ಗಿಡ ಮನುಷ್ಯರು ನೆಟ್ಟದ್ದು ಎಂದು ಇನ್ನು ಮುಂದೆ ಎಲ್ಲರೂ ಒಪ್ಪುತ್ತಾರೆ.

ಘಟಿಕೋತ್ಸವಕ್ಕೆ ಮಾಮಾ ಬಂದಿದ್ದ. ಅವತ್ತು ಕ್ಯಾನು ತಂದಿರಲಿಲ್ಲ. ಖಾಲಿ ಕೈಗಳನ್ನು ಎಲ್ಲಿ ಇಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು, ಮಂಟಪದ ಹೊರಗೆ ಪಾರ್ಕ್ ಮಾಡಿದ ಕಾರುಗಳ ನಡುವೆ ನಿಂತಿದ್ದ. ಒಳಗೆ ಬಿಡುತ್ತಾರೆ ಬಾ ಎಂದರೂ ಬರಲಿಲ್ಲ. ಇಸ್ತ್ರಿ ಅಂಗಿ ಹಾಕಿದ್ದರೂ ಮೈಯಿಂದ ಹಾಲಿನ ವಾಸನೆ ಬರುತ್ತಿತ್ತು.

ಹೆಸರು ಕೂಗಿದರು, ಹೋಗಿ ಇಸಕೊಂಡು ಬಂದೆ. ಯಾರ ಅಳತೆಗೋ ಹೊಲಿದ ಬಾಡಿಗೆಯ ನಿಲುವಂಗಿಯಲ್ಲಿ ಬಿಸಿಲಿಗೆ ನಡೆದು ಪ್ರಮಾಣಪತ್ರವನ್ನು ಮಾಮಾನ ಕೈಯಲ್ಲಿ ಇಟ್ಟೆ. ಅಂಗಿಗೆ ಅಂಗೈ ಒರೆಸಿಕೊಂಡು ಹಿಡಿದ. ಅವನಿಗೆ ಓದಲು ಬರುತ್ತದೆ, ಮೂರನೇ ಇಯತ್ತೆ ತನಕ ಹೋದವನು. ನನ್ನ ಹೆಸರಿನ ಒಂದೊಂದೇ ಅಕ್ಷರವನ್ನು ಬೆರಳಿಟ್ಟು ಓದಿದ. ಅಪ್ಪನ ಹೆಸರಿನ ಹತ್ತಿರ ಬೆರಳು ಸ್ವಲ್ಪ ಹೊತ್ತು ನಿಂತಿತು. ಏನಾದರೂ ಚುಚ್ಚುಮಾತು ಬರುತ್ತದೆ, ನಗಬೇಕು ಎಂದು ನಾನು ತಯಾರಾಗಿದ್ದೆ.

"ಎಮ್ಮಿ ಮಾಳಗಿ ಹತ್ತೇತಿ ಖರೆ, ಭಾಗೀ" ಎಂದ. ಮುಖದಲ್ಲಿ ನಗು ಇರಲಿಲ್ಲ. "ಈಗ ಕಟ್ಟಾಕ ಗೂಟ ಎಲ್ಲೈತಿ, ಹೇಳ?"